ಡ್ಯೂರರ್ ಕೊರೆದ ಎರಾಸ್ಮಸ್: ಒಂದು ಮರುಮುದ್ರಣದ ವಿಮರ್ಶೆ

ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1526ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ, ಡಚ್ ವಿದ್ವಾಂಸ ಎರಾಸ್ಮಸ್‌ನ ಭಾವಚಿತ್ರದ ಮರುಮುದ್ರಣವನ್ನು ಓದುವ ಕೋಣೆಗೆಂದು ತರಿಸಿಕೊಂಡೆ. ಮಾರಾಟಗಾರರಲ್ಲಿ ಎರಡು ಅಳತೆಗಳು ಸಿಗುತ್ತವೆ: ಮೂಲದಷ್ಟೇ, ಅಂದರೆ ಸುಮಾರು 25 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲದ್ದು ಒಂದು, ಅಂಚೆ ಕಾರ್ಡಿನ ಗಾತ್ರದ್ದು ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ನನ್ನ ಸಲಹೆ, ದೊಡ್ಡದನ್ನೇ ಕೊಳ್ಳಿರಿ ಎಂಬುದು; ಏಕೆಂದರೆ ಈ ಚಿತ್ರದ ಅರ್ಥ ಮುಖಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ವಸ್ತುಗಳಲ್ಲಿದೆ.

ಎರಾಸ್ಮಸ್ ಇಳಿಜಾರು ಮೇಜಿನ ಮುಂದೆ ನಿಂತು, ಎಡಗೈಯಲ್ಲಿ ಮಸಿಕುಡಿಕೆ ಹಿಡಿದು, ಕಣ್ಣು ತಗ್ಗಿಸಿ ಬರೆಯುತ್ತಿದ್ದಾನೆ. ನೋಡುವವರ ಕಡೆಗೆ ಅವನ ಲಕ್ಷ್ಯವೇ ಇಲ್ಲ. ಮುಂಬದಿಯಲ್ಲಿ ದಪ್ಪ ಪುಸ್ತಕಗಳಿವೆ. ಹೂದಾನಿಯಲ್ಲಿರುವ ಲಿಲಿ ಆಫ್ ದ ವ್ಯಾಲಿ ಹೂವನ್ನು ಯುರೋಪಿನ ಕ್ರೈಸ್ತ ಚಿತ್ರಪರಂಪರೆ ಕನ್ಯೆ ಮೇರಿಯ ನಿರ್ಮಲತೆಯೊಂದಿಗೆ ಸೇರಿಸಿ ನೋಡುತ್ತ ಬಂದಿರುವುದರಿಂದ, ವಿದ್ವತ್ತಿನ ಪಕ್ಕದಲ್ಲಿ ಶೀಲವನ್ನೂ ಇಟ್ಟಂತಾಗಿದೆ ಎಂಬುದು ನನ್ನ ಓದು. ಹಿಂದೆ, ರೋಮನ್ ಶಿಲಾಶಾಸನದಂತಹ ಚೌಕಟ್ಟಿನಲ್ಲಿ, ಡ್ಯೂರರ್ ಇದನ್ನು ಜೀವಂತ ರೂಪವನ್ನು ಅನುಸರಿಸಿ ಬರೆದನೆಂದು ಲ್ಯಾಟಿನ್ ಸಾಲುಗಳು ಸಾರುತ್ತವೆ. ಅವುಗಳ ಕೆಳಗಿನ ಗ್ರೀಕ್ ಸಾಲಾದರೋ, ಎರಾಸ್ಮಸ್‌ನನ್ನು ಅವನ ಬರಹಗಳೇ ಇನ್ನೂ ಚೆನ್ನಾಗಿ ತೋರಿಸುತ್ತವೆ ಎನ್ನುತ್ತದೆ. ಫ್ಲೆಮಿಶ್ ಕಲಾವಿದ ಕ್ವೆಂಟಿನ್ ಮೆಟ್ಸೀಸ್ 1519ರಲ್ಲಿ ಮಾಡಿದ ಎರಾಸ್ಮಸ್‌ನ ಪದಕದಲ್ಲಿಯೂ ಈ ಮಾತೇ ಇದೆ. ಡ್ಯೂರರ್ ಅದೇ 1526ರಲ್ಲಿ ಕೊರೆದ, ಜರ್ಮನ್ ಧರ್ಮಸುಧಾರಕ ಮೆಲಾಂಕ್ಟನ್‌ನ ಭಾವಚಿತ್ರದ ಕೆಳಗೂ, ನುರಿತ ಕೈ ಮುಖವನ್ನು ಚಿತ್ರಿಸಬಲ್ಲದು, ಮನಸ್ಸನ್ನಲ್ಲ ಎಂಬ ಭಾವದ ಸಾಲುಗಳಿವೆ. ಕಲಾವಿದ ತನ್ನ ಕಲೆಯ ಮಿತಿಯನ್ನು ಆ ಕಲೆಯಲ್ಲಿಯೇ ಕೊರೆದಿಡುವ ಈ ವಿನಯ ನನಗೆ ಬಹಳ ಪ್ರಿಯವಾದದ್ದು. ಅಂದಹಾಗೆ, ತನ್ನ ಈ ಭಾವಚಿತ್ರದ ಹೋಲಿಕೆ ಎರಾಸ್ಮಸ್‌ಗೆ ಹಿಡಿಸಲಿಲ್ಲ. ಡ್ಯೂರರ್ ಅವನನ್ನು ಎದುರಿಗೆ ಕಂಡು ಚಿತ್ರಿಸಿದ್ದು ಇದಕ್ಕೆ ಆರು ವರ್ಷ ಮೊದಲು, 1520ರಲ್ಲಿ, ನೆದರ್‌ಲ್ಯಾಂಡ್ಸ್ ಪ್ರವಾಸದ ವೇಳೆ.

ದೊಡ್ಡ ಪ್ರತಿಯಲ್ಲಿ ಶಾಸನದ ಪ್ರತಿ ಅಕ್ಷರವೂ, ಅದರ ಕೆಳಗಿನ ಇಸವಿ ಹಾಗೂ ಡ್ಯೂರರ್‌ನ ಅಂಕಿತವೂ ಸ್ಪಷ್ಟವಾಗಿವೆ. ಕಾಗದ ದಪ್ಪನಾಗಿದೆ, ಹೊಳಪಿಲ್ಲ. ಕೊರತೆಯಿರುವುದು ನೆರಳಿನ ಭಾಗಗಳಲ್ಲಿ: ತೋಳಿನ ಮಡಿಕೆಗಳಲ್ಲಿ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳು ಕೂಡಿಕೊಂಡು ಬರಿಯ ಕಪ್ಪಾಗಿವೆ, ಗೆರೆಯೇ ಸರ್ವಸ್ವವಾದ ಕಲೆಯಲ್ಲಿ ಇದು ಸಣ್ಣ ದೋಷವಲ್ಲ. ಚಿಕ್ಕ ಪ್ರತಿಯಲ್ಲಂತೂ ಗ್ರೀಕ್ ಸಾಲು ಓದಲು ಬರುವುದಿಲ್ಲ, ಹೂವುಗಳು ಮಸುಕಾಗಿವೆ. ಅದನ್ನು ಯಾರಿಗೂ ಶಿಫಾರಸು ಮಾಡಲಾರೆ. ದೊಡ್ಡದನ್ನು ಕೊಂಡವರು ಕಟ್ಟು ಹಾಕಿಸುವಾಗ ಚಿತ್ರದ ಅಂಚನ್ನು ಕತ್ತರಿಸದಂತೆ ಅಂಗಡಿಯವರಿಗೆ ಮೊದಲೇ ತಿಳಿಸಬೇಕು.