ಹಿಂದಿನ ಸೀಟಿನ ಲೆಕ್ಕ: ಮೀಟಿಯರ್ 350 ಜೊತೆ ನಾಲ್ಕು ವರ್ಷ, 38,000 ಕಿ.ಮೀ.

ಈ ಗಾಡಿಯನ್ನು ಆರಿಸಿದವಳು ನನ್ನ ಅಮ್ಮ. ದುಡ್ಡು ಕೊಟ್ಟು ಓಡಿಸುತ್ತಿರುವವಳು ನಾನು. 2021ರ ಆಗಸ್ಟ್‌ನಲ್ಲಿ ಶಿವಮೊಗ್ಗದಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಕೊಂಡಾಗ ಅಮ್ಮನಿಗೆ ಅರವತ್ತೊಂದು. ಅಪ್ಪ ಹೋದ ಮೇಲೆ ಊರು ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದ ಅವಳು ಒಂದು ಸಂಜೆ ಹೂಬತ್ತಿ ಹೊಸೆಯುತ್ತ, "ಹೊರನಾಡಿಗೆ ಹೋಗಿ ಎಷ್ಟು ವರ್ಷವಾಯಿತು ನೋಡು. ಬಸ್ಸಿನಲ್ಲಿ ಕೂತರೆ ಆ ತಿರುವುಗಳಿಗೆ ಹೊಟ್ಟೆ ತೊಳೆಸುತ್ತದೆ" ಎಂದಳು. ಬೈಕಿನಲ್ಲಿ ಹೋಗೋಣವೇ ಎಂದು ಕೇಳಿದೆ. ಬೇಡ ಅನ್ನಲಿಲ್ಲ. ಅಂದಿನಿಂದ ಓಡಿದ 38,000 ಕಿ.ಮೀ.ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಮ್ಮ ಹಿಂದೆ ಕೂತು ಕಳೆದದ್ದು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ಹಿಂದಿನ ಸೀಟಿನ ಅನುಭವ.

ಗಾಡಿ ನೋಡಲು ಹೋದಲ್ಲೆಲ್ಲ ಮಾರಾಟಗಾರರು ಎಂಜಿನ್, ಮೈಲೇಜ್, ಬಣ್ಣ ಎಂದು ನನ್ನ ಮುಖ ನೋಡಿಯೇ ಮಾತನಾಡಿದರು. ಹಿಂದೆ ಕೂರುವವರನ್ನು ಯಾರೂ ಏನೂ ಕೇಳಲಿಲ್ಲ. ನಾನು ಒಂದು ನಿಯಮ ಮಾಡಿಕೊಂಡೆ: ಪ್ರಯಾಣಕ್ಕೆ ಹಾಕಿಕೊಳ್ಳುವ ಬಟ್ಟೆ, ಅದೇ ಚಪ್ಪಲಿ ತೊಟ್ಟು ಅಮ್ಮ ಪ್ರತಿಯೊಂದು ಗಾಡಿಯ ಮೇಲೆ ಹತ್ತು ಸಲ ಹತ್ತಬೇಕು, ಹತ್ತು ಸಲ ಇಳಿಯಬೇಕು. ನನ್ನ ಮನಸ್ಸು ಇದ್ದದ್ದು ಅದೇ ಕಂಪನಿಯ ಆಗಿನ ಹಿಮಾಲಯನ್ ಮೇಲೆ. ಮುಂದೆ 200, ಹಿಂದೆ 180 ಮಿ.ಮೀ. ಕುಗ್ಗಬಲ್ಲ ಸಸ್ಪೆನ್ಷನ್ ಇರುವ ಗಾಡಿ ನಮ್ಮ ಮಲೆನಾಡಿನ ಹೊಂಡಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಸೀಟಿನ ಎತ್ತರ 800 ಮಿ.ಮೀ. ಅದೂ ಓಡಿಸುವವರ ಸೀಟಿನ ಲೆಕ್ಕ. ಹಿಂದಿನ ಸೀಟು ಅದಕ್ಕಿಂತ ಎತ್ತರ. ಮೂರನೆಯ ಸಲ ಹತ್ತುವಾಗ ಅಮ್ಮ ಮೊಣಕಾಲು ಹಿಡಿದುಕೊಂಡು ನಿಂತಳು. ಅಲ್ಲಿಗೆ ಆ ಆಸೆ ಮುಗಿಯಿತು. ಕೆಟಿಎಂ 390 ಅಡ್ವೆಂಚರ್ ಆಗ 855 ಮಿ.ಮೀ. ಇತ್ತು; ಅದನ್ನು ದೂರದಿಂದಲೇ ನೋಡಿ ಬಂದೆವು. ಹೋಂಡಾ ಹೈನೆಸ್‌ನ ಎಂಜಿನ್ ಬೆಣ್ಣೆಯಂತೆ ನಯ, ತೂಕವೂ 181 ಕಿಲೋ ಅಷ್ಟೇ, ಆದರೆ ಎತ್ತರ ಮತ್ತೆ 800. ಮೀಟಿಯರ್‌ನದು 765. ನನ್ನ ಹೆಗಲ ಮೇಲೆ ಒಂದು ಕೈಯಿಟ್ಟು ಅಮ್ಮ ಹತ್ತೂ ಸಲ ಹತ್ತಿ ಇಳಿದಳು. ಹನ್ನೊಂದನೆಯ ಸಲ ತಾನಾಗಿಯೇ ಹತ್ತಿ ಕೂತು, "ಇಲ್ಲಿ ಕೂತರೆ ನಿನ್ನ ಹೆಗಲ ಮೇಲಿಂದ ಎದುರಿನದೆಲ್ಲ ಕಾಣುತ್ತದೆ" ಎಂದಳು. ಈ ಮಾತಿನ ಬೆಲೆ ನನಗೆ ಮೊದಲ ಘಾಟಿಯಲ್ಲಿ ತಿಳಿಯಿತು. ತಿರುವು ಬರುವುದು ಮೊದಲೇ ಕಂಡರೆ ಹಿಂದೆ ಕೂತವರ ಮೈ ಸಿದ್ಧವಾಗುತ್ತದೆ. ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದ ಅಮ್ಮ ತೀರ್ಥಹಳ್ಳಿ, ಕೊಪ್ಪ, ಬಾಳೆಹೊನ್ನೂರು, ಕಳಸ ಹಾದು ಹೊರನಾಡು ಮುಟ್ಟುವವರೆಗೆ ಒಂದು ಲಿಂಬೆಹಣ್ಣನ್ನೂ ಮೂಸಲಿಲ್ಲ.

ನಾವು ಕೊಂಡದ್ದು ಸ್ಟೆಲ್ಲಾರ್ ಮಾದರಿ, ಬ್ಯಾಕ್‌ರೆಸ್ಟ್ ಕಂಪನಿಯಿಂದಲೇ ಬಂದಿತ್ತು. ಇದು ಇಲ್ಲದ ಗಾಡಿಯಲ್ಲಿ ವಯಸ್ಸಾದವರನ್ನು ದೂರ ಕರೆದೊಯ್ಯಬೇಡಿ ಎಂದೇ ಹೇಳುತ್ತೇನೆ. ಬೆನ್ನಿಗೆ ಆಸರೆ ಸಿಗುವುದು ಒಂದು. ಗಾಡಿ ಮುಂದಕ್ಕೆ ನುಗ್ಗಿದಾಗ ಹಿಂದೆ ಬೀಳುತ್ತೇನೆಂಬ ಅಂಜಿಕೆ ಹೋಗುವುದು ಇನ್ನೊಂದು. ಆ ಅಂಜಿಕೆಯಿಂದಲೇ ಹಿಂದೆ ಕೂತವರು ಇಡೀ ದಾರಿ ತೋಳು, ತೊಡೆ ಬಿಗಿ ಹಿಡಿದು ಸಂಜೆಗೆ ಸುಸ್ತಾಗುವುದು.

ಸೀರೆಯ ಮಾತು. ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಅಂದಕ್ಕೆ ಅಡ್ಡಿಯೆಂದು ಆ ಗಾರ್ಡನ್ನು ಬಿಚ್ಚಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗಾರ್ಡ್ ಇದ್ದರೂ ಒಂದೇ ಕಡೆ ಕಾಲು ಹಾಕಿ ಕೂತು ದೂರ ಹೋಗುವುದು ಅಪಾಯ. ತೂಕ ಒಂದು ಕಡೆ ವಾಲುತ್ತದೆ, ಸೊಂಟ ತಿರುಚಿಕೊಂಡೇ ಇರುತ್ತದೆ. ಅಮ್ಮ ಎರಡು ದಿನ ಯೋಚಿಸಿ, ತಾನೇ ಹೋಗಿ ಎರಡು ಹತ್ತಿಯ ಚೂಡಿದಾರ ಹೊಲಿಸಿಕೊಂಡು ಬಂದಳು. ಸೀರೆಯನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ದೇವಸ್ಥಾನ ಸಮೀಪಿಸಿದಾಗ ಉಡುತ್ತಾಳೆ.

ಇನ್ನು ಸೀಟು. ಕಂಪನಿಯ ಸೀಟು ನೂರು ಕಿ.ಮೀ.ವರೆಗೆ ಅಮ್ಮನಿಗೆ ಸಾಕಾಗಿತ್ತು; ಅದರಾಚೆಗೆ ಅವಳ ಮೈಗೆ ಹೊಂದುವಂಥದ್ದು ಬೇಕಾಯಿತು. ಮೊದಲು ಆನ್‌ಲೈನ್‌ನಲ್ಲಿ ಒಂದು ಜೆಲ್ ಹಾಸು ತರಿಸಿ ಹಣ ಕಳೆದುಕೊಂಡೆ. ಬಿಸಿಲಿಗೆ ಕಾದ ಹಂಚಿನಂತಾಗುತ್ತಿತ್ತು, ಬ್ರೇಕ್ ಹಾಕಿದಾಗಲೆಲ್ಲ ಹಾಸಿನ ಸಮೇತ ಅಮ್ಮ ನನ್ನ ಬೆನ್ನಿಗೆ ಬಂದು ಒತ್ತುತ್ತಿದ್ದಳು. ಆಮೇಲೆ ನಮ್ಮೂರಿನ ಸೀಟು ಹೊಲಿಯುವವರೊಬ್ಬರ ಬಳಿ ಹೋದೆವು. ಅವರು ಹೊದಿಕೆ ಬಿಚ್ಚಿ, ಬರಿಯ ಫೋಮಿನ ಮೇಲೆ ಅಮ್ಮನನ್ನು ಕೂರಿಸಿ, "ಎಲ್ಲಿ ಒತ್ತುತ್ತದೆ ಹೇಳಿ ಅಮ್ಮ" ಎಂದು ಕೇಳಿ, ಕುಂಡಿಯ ಎರಡು ಎಲುಬು ಬೀಳುವ ಜಾಗಕ್ಕೆ ಸೀಮೆಸುಣ್ಣದಿಂದ ದುಂಡಗೆ ಗುರುತು ಹಾಕಿಕೊಂಡರು. ಅಷ್ಟು ಭಾಗವನ್ನು ಕತ್ತರಿಸಿ ಗಟ್ಟಿ ಫೋಮ್ ಕೂರಿಸಿದರು, ಮೇಲೊಂದು ತೆಳು ಮೆತ್ತನೆಯ ಪದರ ಹಾಕಿದರು, ಮುಂದಕ್ಕೆ ಇಳಿಜಾರಾಗಿದ್ದದ್ದನ್ನು ಸಮ ಮಾಡಿದರು. ಮೆತ್ತಗಿದ್ದಷ್ಟೂ ಸುಖವೆಂದು ನಾನು ತಿಳಿದಿದ್ದೆ. ಹತ್ತಿ ಹಾಸಿಗೆಯಂಥ ಸೀಟು ಅಂಗಡಿಯಲ್ಲಿ ಹತ್ತು ನಿಮಿಷ ಚೆನ್ನ. ಗಂಟೆ ಕಳೆದರೆ ಫೋಮ್ ಪೂರ್ತಿ ಕುಸಿದು ಎಲುಬು ತಳದ ಹಲಗೆಗೆ ತಾಗುತ್ತದೆ. ಈಗ ಅಮ್ಮ ಒಂದೂವರೆ ಗಂಟೆ ಮಾತೇ ಇಲ್ಲದೆ ಕೂರುತ್ತಾಳೆ.

ಹಣ ಖರ್ಚಿಲ್ಲದೆ ಸಿಗುವ ಸುಖವೊಂದಿದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಬುಡದಲ್ಲಿ ಮೆಟ್ಟಿಲು ಕೊರೆದ ಬಳೆಯಂಥದ್ದು ಇರುತ್ತದೆ. ಕೊಕ್ಕೆಯ ಪಾನಾ ಸಿಕ್ಕಿಸಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಮೀಟಿಯರ್‌ನಲ್ಲಿ ಆರು ಹಂತಗಳಿವೆ. ಒಬ್ಬಳೇ ಇದ್ದರೆ ಎರಡು, ಅಮ್ಮನಿದ್ದರೆ ನಾಲ್ಕು, ಸಾಮಾನೂ ಸೇರಿದರೆ ಐದು. ಬಿಗಿ ಮಾಡಿದರೆ ಕುಲುಕಾಟ ಹೆಚ್ಚುತ್ತದೆಂದು ನಾನೂ ಹೆದರಿದ್ದೆ. ಆದದ್ದು ಬೇರೆ. ಸಡಿಲ ಬಿಟ್ಟರೆ ಇಬ್ಬರ ಭಾರಕ್ಕೇ ಸ್ಪ್ರಿಂಗ್ ಮುಕ್ಕಾಲು ಕುಸಿದಿರುತ್ತದೆ, ಹೊಂಡ ಬಂದಾಗ ಕುಸಿಯಲು ಜಾಗವೇ ಇರುವುದಿಲ್ಲ, ಪೆಟ್ಟು ನೇರ ಹಿಂದಿನವರ ಬೆನ್ನುಹುರಿಗೆ. ಹಿಂಭಾಗ ತಗ್ಗಿದ ಗಾಡಿಯ ಹೆಡ್‌ಲೈಟ್ ಕೂಡ ರಾತ್ರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಟೈರಿನ ಗಾಳಿಗೂ ಇದೇ ಮಾತು: ಇಬ್ಬರು ಕೂತಾಗ ಎಷ್ಟಿರಬೇಕೆಂದು ಗಾಡಿಯ ಕೈಪಿಡಿಯಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ.

ಒಂದನ್ನು ಒಪ್ಪಿಕೊಳ್ಳಬೇಕು. ಮೀಟಿಯರ್‌ನಂಥ ಕ್ರೂಸರ್ ಮಾದರಿಯ ಗಾಡಿ ತಗ್ಗಾಗಿರುವುದರಿಂದ ಹಿಂಬದಿಗೆ ಹಿಮಾಲಯನ್‌ನಷ್ಟು ಕುಗ್ಗುವ ಅವಕಾಶ ಸಿಗದು. ಹತ್ತುವ ಸುಲಭಕ್ಕೆ ಕೊಟ್ಟ ಬೆಲೆ ಅದು. ಹಾಗಾಗಿ ಹಂಪ್‌ಗಳ ಮುಂದೆ ನಾನು ಪೂರ್ತಿ ನಿಧಾನಿಸುತ್ತೇನೆ. ಊರಿನ ಹೆಬ್ಬಾಗಿಲಲ್ಲಿ ಬಣ್ಣವಿಲ್ಲದ ಹಂಪ್ ಇದ್ದೇ ಇರುತ್ತದೆಂದು ಎಣಿಸಿಯೇ ಹೋಗುತ್ತೇನೆ. ಮೊದಲ ವರ್ಷ ನಮ್ಮ ನಡುವೆ ತಟ್ಟುವ ಭಾಷೆಯಿತ್ತು: ಹೆಗಲಿಗೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸು. ಆಮೇಲೆ ಹೆಲ್ಮೆಟ್‌ಗೆ ಬ್ಲೂಟೂತ್ ಇಂಟರ್‌ಕಾಮ್ ಹಾಕಿಸಿದೆ. "ಹಂಪ್" ಎಂದರೆ ಸಾಕು, ಅಮ್ಮ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಕೊಂಚ ಮೇಲೇಳುತ್ತಾಳೆ. ಊಟವಾದ ಮೇಲೆ ಹತ್ತು ನಿಮಿಷ ಇಂಟರ್‌ಕಾಮ್ ಮೌನವಾದರೆ ಏನಾದರೊಂದು ಕೇಳುತ್ತೇನೆ. ಉತ್ತರ ತಡವಾಯಿತೆಂದರೆ ತೂಕಡಿಸುತ್ತಿದ್ದಾಳೆ ಎಂದರ್ಥ, ಮರದ ನೆರಳು ಕಂಡಲ್ಲಿ ನಿಲ್ಲಿಸುತ್ತೇನೆ. ಬ್ರೇಕ್ ಒತ್ತಿದಾಗ ಎರಡು ಹೆಲ್ಮೆಟ್ ಟಕ್ ಎಂದು ತಾಗಿದರೆ ತಪ್ಪು ನನ್ನದು.

ಎತ್ತರದ ಗಾಳಿತಡೆ ಹಾಕಿಸಿದ್ದು ಕೂಡ ಪಾಠವೇ. ನನ್ನ ಎದೆಗೆ ಗಾಳಿ ತಪ್ಪಿತು, ನನಗೆ ಬಹಳ ಸುಖವೆನಿಸಿತು. ಆದರೆ ಅದರ ಅಂಚಿನಿಂದ ಮೇಲೆದ್ದ ಗಾಳಿ ನನ್ನ ತಲೆ ದಾಟಿ ಅಮ್ಮನ ಹೆಲ್ಮೆಟ್‌ಗೆ ಬಡಿಯುತ್ತಿತ್ತು. "ಯಾರೋ ಎರಡೂ ಕಡೆಯಿಂದ ತಲೆ ಅಲುಗಾಡಿಸಿದ ಹಾಗೆ" ಎಂದಳು. ಮಾರನೆಯ ದಿನವೇ ಬಿಚ್ಚಿದೆ.

ಎಂಜಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 349 ಸಿಸಿ, 20.2 ಅಶ್ವಶಕ್ತಿ, ನಿಮಿಷಕ್ಕೆ 4,000 ಸುತ್ತಿನಲ್ಲಿ 27 ನ್ಯೂಟನ್ ಮೀಟರ್ ಎಳೆತ. ನಡುಕ ತಗ್ಗಿಸುವ ಬ್ಯಾಲೆನ್ಸರ್ ದಂಡ ಇರುವುದರಿಂದ ಅಮ್ಮನ ಪಾದಗಳು ಜೋಮು ಹಿಡಿದದ್ದಿಲ್ಲ. ಗಾಡಿ 191 ಕಿಲೋ, ನಾವಿಬ್ಬರು ಸೇರಿ ಸುಮಾರು 125, ಸಾಮಾನು 15. ಇಷ್ಟು ಹೊತ್ತು ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಎರಡು, ಮೂರನೆಯ ಗೇರಿನಲ್ಲಿ ಸಮಾಧಾನವಾಗಿ ಏರುತ್ತದೆ. ಏರಿನಲ್ಲಿ ಬಸ್ಸನ್ನು ಹಿಂದಿಕ್ಕುವ ಅವಸರವಿರುವವರಿಗೆ ಈ ಶಕ್ತಿ ಸಾಲದು. ಸಮತಟ್ಟಿನಲ್ಲಿ ನಮ್ಮ ವೇಗ 70ರಿಂದ 75. ಲೀಟರಿಗೆ 34 ಕಿ.ಮೀ. ಆಸುಪಾಸು ಸಿಗುತ್ತದೆ, ಟ್ಯಾಂಕ್ 15 ಲೀಟರಿನದು.

ಒಮ್ಮೆ ಮಾತ್ರ ಹೆದರಿದೆ. ಒಂದು ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಸಿಕೊಂಡು ಮರುದಿನ ಉಡುಪಿಗೆ ಹೊರಟಿದ್ದೆವು. ಘಾಟಿ ಇಳಿದು ಸೋಮೇಶ್ವರ ದಾಟಿದ ಮೇಲೆ ಹಿಂದಿನಿಂದ ಕೊಯ್ಯೆನ್ನುವ ಸದ್ದು. ನಿಲ್ಲಿಸಿ, ಅಮ್ಮನನ್ನು ಇಳಿಸದೆ ಬಗ್ಗಿ ಚೈನಿಗೆ ಬೆರಳಿಟ್ಟರೆ ತಂಬೂರಿಯ ತಂತಿಯಂತಿತ್ತು. ಸ್ಟ್ಯಾಂಡ್ ಹಾಕಿ, ಯಾರೂ ಕೂರದೆ ಇರುವಾಗ ಅದನ್ನು ಎಳೆದು ಬಿಗಿದಿದ್ದರು. ಇಬ್ಬರು ಕೂತು ಗಾಡಿ ತಗ್ಗಿದಾಗ ಹಿಂದಿನ ಚಕ್ರ ಮುಂದಿನ ಹಲ್ಲುಚಕ್ರದಿಂದ ಇನ್ನಷ್ಟು ದೂರ ಸರಿಯುತ್ತದೆ, ಚೈನ್ ಮತ್ತೂ ಬಿಗಿಯುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಚೈನ್ ತುಂಡಾದರೂ ಆಯಿತು. ಹೆಬ್ರಿಯ ಪಂಕ್ಚರ್ ಅಂಗಡಿಯವರು ಪಾನಾ ಕೊಟ್ಟು, ಚಕ್ರ ನೇರವಿದೆಯೇ ಎಂದು ತಾವೇ ಕೂತು ನೋಡಿ ಸರಿಪಡಿಸಿದರು, ಹಣ ಬೇಡವೆಂದರು. ಅಂದಿನಿಂದ ಚೈನ್ ನೋಡುವ ಕೆಲಸ ನನ್ನದೇ, ಅಮ್ಮ ಮೇಲೆ ಕೂತಿರುವಾಗಲೇ.

ಅತಿ ಉದ್ದದ ಪ್ರಯಾಣ ಬಾದಾಮಿಗೆ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಬೆಳಗ್ಗೆ ನವಲಗುಂದ, ನರಗುಂದದ ಎರೆಭೂಮಿಯ ನಡುವೆ ನೇರ ರಸ್ತೆಯಲ್ಲಿ ಹೋದೆವು. ಬನಶಂಕರಿ ಗುಡಿಯ ಬಳಿ ಬುಟ್ಟಿ ಹೊತ್ತು ತಂದ ಹೆಣ್ಣುಮಕ್ಕಳಿಂದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಕೊಂಡು ನೆಲದ ಮೇಲೆ ಕೂತು ಉಂಡೆವು. ಅಷ್ಟು ದೂರ ಬಂದ ಮೇಲೂ ಅಮ್ಮ ಕೈಯೂರದೆ ಎದ್ದು ನಿಂತದ್ದನ್ನು ನಾನು ನೋಡಿದೆ.

ಈಗ ಅವಳಿಗೆ ಅರವತ್ತೈದು. ಬಲ ಮೊಣಕಾಲನ್ನು ಹೆಚ್ಚು ಮಡಚಬೇಡಿ ಎಂದು ಡಾಕ್ಟರು ಹೇಳಿದ ಮೇಲೆ 765 ಮಿ.ಮೀ. ಕೂಡ ಎತ್ತರವೆನಿಸುತ್ತಿದೆ. ಅಡುಗೆಮನೆಯ ಹಳೆಯ ಹಲಸಿನ ಮಣೆಗೆ ತೂತು ಕೊರೆದು ಹಗ್ಗ ಕಟ್ಟಿದ್ದೇವೆ. ಅಮ್ಮ ಅದರ ಮೇಲೆ ನಿಂತು ಹತ್ತಿ ಕೂರುತ್ತಾಳೆ, ಹಗ್ಗ ಎಳೆದು ಮಣೆಯನ್ನು ಮೇಲೆತ್ತಿಕೊಳ್ಳುತ್ತಾಳೆ, ಎಡಗಡೆಯ ಬ್ಯಾಗಿಗೆ ಇಳಿಸಿ, "ಹ್ಞೂಂ, ಹೊರಡು" ಎನ್ನುತ್ತಾಳೆ.