ಜೆಂಟೂ ಯೂಸ್ ಫ್ಲ್ಯಾಗ್: ಬೇಡದ್ದನ್ನು ಸೇರಿಸದೇ ಇರುವ ಸುಖ, ಆಮೇಲೆ ಬರುವ ಬಿಲ್

ಜೆಂಟೂ ಲಿನಕ್ಸ್ ಅಂದರೆ ಸಾಫ್ಟ್‌ವೇರ್‌ಗಳನ್ನು ಸೋರ್ಸ್ ಕೋಡ್‌ನಿಂದ ನಮ್ಮ ಮಷೀನ್‌ನಲ್ಲೇ ಕಂಪೈಲ್ ಮಾಡಿಕೊಳ್ಳುವ, ಅಂದರೆ ಕಟ್ಟಿಕೊಳ್ಳುವ, ಆಪರೇಟಿಂಗ್ ಸಿಸ್ಟಂ. ಅದರ ಹೆಸರು ಹೇಳಿದ ತಕ್ಷಣ ಎಲ್ಲರೂ ಸ್ಪೀಡ್ ಬಗ್ಗೆ ಕೇಳುತ್ತಾರೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಂತೂ ಅಂಥ ವ್ಯತ್ಯಾಸ ಕಂಡಿಲ್ಲ. ಇಷ್ಟು ವರ್ಷ ಇದನ್ನು ಬಿಡದೆ ಇರುವುದು ಯೂಸ್ ಫ್ಲ್ಯಾಗ್‌ಗಳಿಗೋಸ್ಕರ, ಅಂದರೆ ಒಂದು ಸಾಫ್ಟ್‌ವೇರ್‌ನಲ್ಲಿ ಯಾವ ಸೌಲಭ್ಯ ಸೇರಬೇಕು, ಯಾವುದು ಬೇಡ ಅಂತ ಕಟ್ಟುವ ಮೊದಲೇ ಹೇಳುವ ಸ್ವಿಚ್‌ಗಳಿಗೋಸ್ಕರ.

ಕೀಪಾಸ್‌ಎಕ್ಸ್‌ಸಿ ತಗೊಳ್ಳಿ. ಪಾಸ್‌ವರ್ಡ್ ಬಚ್ಚಿಡುವ ಸಾಫ್ಟ್‌ವೇರ್‌ಗೆ ಇಂಟರ್ನೆಟ್ ಯಾಕೆ? ವೆಬ್‌ಸೈಟ್ ಐಕಾನ್ ತರುವುದು, ಹೊಸ ಆವೃತ್ತಿ ಬಂತಾ ಅಂತ ನೋಡುವುದು, ಬ್ರೌಸರ್‌ಗೆ ಪಾಸ್‌ವರ್ಡ್ ಕೊಡುವುದು, ಇವೆಲ್ಲ ನನಗೆ ಬೇಡ. ಜೆಂಟೂನ ಒಂದು ಫೈಲಿನಲ್ಲಿ ಆ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹೆಸರಿನ ಮುಂದೆ ಮೈನಸ್ ನೆಟ್‌ವರ್ಕ್, ಮೈನಸ್ ಬ್ರೌಸರ್ ಅಂತ ಬರೆದರೆ ಆಯಿತು, ಕಂಪೈಲ್ ಆಗುವಾಗ ಆ ಕೋಡ್ ಒಳಗೆ ಸೇರುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ದು ಸಕ್ಕರೆ ಹಾಕಿ ಕಲಕದೆ ಕೊಟ್ಟ ಕಾಫಿ. ಇದು ಸಕ್ಕರೆಯನ್ನೇ ಹಾಕದ ಕಾಫಿ.

2024ರ ಮೇ ತಿಂಗಳಲ್ಲಿ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಇದೇ ಕೀಪಾಸ್‌ಎಕ್ಸ್‌ಸಿ ಬಗ್ಗೆ ದೊಡ್ಡ ಜಗಳವಾಯಿತು. ಮುಂದಿನ ಬಿಡುಗಡೆಗೆ ತಯಾರಾಗುತ್ತಿದ್ದ ಪ್ಯಾಕೇಜ್‌ನಿಂದ ಈ ಸೌಲಭ್ಯಗಳನ್ನು ತೆಗೆದು, ಬೇಕಾದವರಿಗೆ 'ಫುಲ್' ಅನ್ನುವ ಬೇರೆ ಪ್ಯಾಕೇಜ್ ಮಾಡಿದರು. ಬ್ರೌಸರ್ ಜೋಡಣೆ ನಂಬಿಕೊಂಡವರಿಗೆ ಸಿಟ್ಟು ಬಂತು. ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಜೆಂಟೂನಲ್ಲಿ ಆ ತೀರ್ಮಾನ ಬಳಸುವವರದ್ದೇ, ಅದೇ ಚಂದ.

ಭಾನುವಾರ ಬೆಳಗ್ಗೆ ಸಿಂಕ್ ಮಾಡಿ, ಅಂದರೆ ಹೊಸ ಪ್ಯಾಕೇಜ್ ಮಾಹಿತಿ ಇಳಿಸಿಕೊಂಡು, ಅಪ್‌ಡೇಟ್ ಪಟ್ಟಿ ಓದುವುದು ನನಗೆ ಪೇಪರ್ ಓದಿದಷ್ಟೇ ಅಭ್ಯಾಸವಾಗಿದೆ. ಪಟ್ಟಿಯಲ್ಲಿ ಪ್ರತಿ ಪ್ಯಾಕೇಜ್ ಜೊತೆ ಅದರ ಫ್ಲ್ಯಾಗ್‌ಗಳೂ ಬಣ್ಣದಲ್ಲಿ ಕಾಣುತ್ತವೆ: ಕೆಂಪು ಅಂದರೆ ಆನ್, ನೀಲಿ ಅಂದರೆ ಆಫ್. ಹಸಿರಿಗೆ ತಿರುಗಿ ನಕ್ಷತ್ರ ಬಂದರೆ ಏನೋ ಬದಲಾಗಿದೆ. ಹಳದಿ ಬಣ್ಣ, ಪಕ್ಕದಲ್ಲಿ ಪರ್ಸೆಂಟ್ ಚಿಹ್ನೆ ಇದ್ದರೆ ಫ್ಲ್ಯಾಗೇ ಹೊಸದು. ಅಲ್ಲಿ ನಿಂತುಬಿಡುತ್ತೇನೆ. ತಿಂಡಿ ತಣ್ಣಗಾದರೂ ಪರವಾಗಿಲ್ಲ, 'ಯೆಸ್' ಒತ್ತುವ ಮೊದಲು ಅದೇನು ಅಂತ ಗೊತ್ತಾಗಲೇಬೇಕು.

ಗೊತ್ತಾಗುತ್ತಾ? ಇಲ್ಲ. ವಿವರಣೆ ಅಂತ ಇರುವುದು ಹೆಚ್ಚಾಗಿ ಒಂದೇ ಸಾಲು: ಇಂಥ ಲೈಬ್ರರಿಗೆ (ಬೇರೆ ಸಾಫ್ಟ್‌ವೇರ್‌ಗಳು ಬಳಸುವ ರೆಡಿ ಕೋಡ್‌ಗೆ) ಬೆಂಬಲ. ಅದು ನೆಟ್‌ವರ್ಕ್‌ಗೆ ಬಾಗಿಲು ತೆಗೆಯುತ್ತದಾ, ಯಾರೋ ಕಳಿಸಿದ ಫೈಲ್ ಬಿಚ್ಚುತ್ತದಾ, ಅಥವಾ ಸುಮ್ನೆ ಅಲಂಕಾರವಾ, ಅದನ್ನು ನಾವೇ ಹುಡುಕಬೇಕು. ಅಪಾಯದ್ದಕ್ಕೂ ಅಲಂಕಾರದ್ದಕ್ಕೂ ಅದೇ ಬಣ್ಣ. 2014ರ ಹಾರ್ಟ್‌ಬ್ಲೀಡ್ ನೆನಪಿದೆ ಅಲ್ವಾ? ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ, ಸಂಪರ್ಕ ಇನ್ನೂ ಜೀವಂತ ಇದೆಯಾ ಅಂತ ನೋಡುವ ಹಾರ್ಟ್‌ಬೀಟ್ ಸೌಲಭ್ಯದಲ್ಲಿದ್ದ ತೂತಿನಿಂದ ಸರ್ವರ್‌ಗಳ ಮೆಮೊರಿಯಲ್ಲಿದ್ದದ್ದು ಸೋರಿತು. ಟಿಎಲ್‌ಎಸ್-ಹಾರ್ಟ್‌ಬೀಟ್ ಫ್ಲ್ಯಾಗ್ ಆಫ್ ಮಾಡಿದರೆ ಸಾಕು ಅಂತ ಆಗ ಜೆಂಟೂ ಸೂಚನೆ ಕೊಟ್ಟಿತು. ಒಳ್ಳೆಯದೇ. ಆದರೆ ಅದು ಡಿಫಾಲ್ಟ್ ಆಗಿ ಆನ್ ಇದ್ದ ಫ್ಲ್ಯಾಗ್. ಬರೀ ಹೆಸರು ನೋಡಿ ಅದನ್ನು ಮೊದಲೇ ಯಾರು ತಾನೇ ತೆಗೆಯುತ್ತಿದ್ದರು?

2023ರ ಡಿಸೆಂಬರ್‌ನಿಂದ ಮಾಮೂಲಿ ಪಿಸಿಗಳಿಗೂ ರೆಡಿ ಬೈನರಿ ಪ್ಯಾಕೇಜ್‌ಗಳು, ಅಂದರೆ ಮೊದಲೇ ಕಂಪೈಲ್ ಮಾಡಿಟ್ಟವು, ಸಿಗುತ್ತಿವೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ದುಡ್ಡಿಲ್ಲದ ನನ್ನಂಥವರಿಗೆ ಹಬ್ಬ ಅಂದುಕೊಂಡೆ. ಆದರೆ ನಮ್ಮ ಫ್ಲ್ಯಾಗ್‌ಗಳು ಆ ಬೈನರಿಯ ಫ್ಲ್ಯಾಗ್‌ಗಳಿಗೆ ಹೊಂದಬೇಕು. ಒಂದು ಬದಲಾಯಿಸಿದರೂ ಮತ್ತೆ ಸೋರ್ಸ್‌ನಿಂದ ಕಂಪೈಲ್, ಮತ್ತೆ ಫ್ಯಾನ್ ಸದ್ದು. ಜಾಸ್ತಿ ಹುಷಾರಾಗಿರುವವರಿಗೇ ಜಾಸ್ತಿ ಕಾಯುವ ಶಿಕ್ಷೆ.

ಹಾಗಾಗಿ ಈಗ ಪಾಸ್‌ವರ್ಡ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಸಾಧನ), ಮೇಲ್, ಪಿಡಿಎಫ್ ಇಷ್ಟಕ್ಕೆ ಮಾತ್ರ ಕೈ ಹಾಕುತ್ತೇನೆ. ಉಳಿದದ್ದು ಡಿಫಾಲ್ಟ್. ಹಳೇ ಮಷೀನ್ ಇದ್ದವರು ವೆಬ್‌ಕಿಟ್‌ನಂಥ (ವೆಬ್ ಪುಟ ತೋರಿಸುವ ಎಂಜಿನ್), ಗಂಟೆಗಟ್ಟಲೆ ಕಂಪೈಲ್ ಆಗುವ ದೊಡ್ಡ ಪ್ಯಾಕೇಜ್‌ಗಳ ಫ್ಲ್ಯಾಗ್ ಮುಟ್ಟುವ ಮೊದಲು ಕರೆಂಟ್ ಯಾವಾಗ ಹೋಗುತ್ತದೆ ಅಂತ ವಿಚಾರಿಸಿಕೊಳ್ಳಿ.