ಕಪ್ಪು ಕೂದಲಿಗೆ ಮ್ಯಾನಿಕ್ ಪ್ಯಾನಿಕ್: ನೀಲಿಗಿಂತ ಕೆಂಪೇ ವಾಸಿ

ಡಬ್ಬಿಯ ಮೇಲಿನ ಬಣ್ಣ ನೋಡಿ ಮ್ಯಾನಿಕ್ ಪ್ಯಾನಿಕ್ ಎಂಬ ತಲೆಗೂದಲ ಬಣ್ಣ ಕೊಂಡರೆ ನಮ್ಮಲ್ಲಿ ಹೆಚ್ಚಿನವರಿಗೆ ನಿರಾಸೆಯೇ. ತಪ್ಪು ಡಬ್ಬಿಯದಲ್ಲ. ಆ ಬಣ್ಣ ಹಾಗೇ ಬರಬೇಕಾದರೆ ಅಡಿಯಲ್ಲಿ ಬಿಳಿಗೆ ಹತ್ತಿರದ ಕೂದಲಿರಬೇಕು, ನಮ್ಮದು ಅಚ್ಚ ಕಪ್ಪು. ಟಿಶ್ ಮತ್ತು ಸ್ನೂಕಿ ಬೆಲೊಮೊ ಎಂಬ ಅಕ್ಕತಂಗಿಯರು 1977ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಸ್‌ನಲ್ಲಿ ತೆರೆದ ಪಂಕ್ ಅಂಗಡಿಯಿಂದ ಬೆಳೆದ ಬ್ರ್ಯಾಂಡ್ ಇದು. ಇದರ 118 ಮಿ.ಲೀ. ಕ್ರೀಮ್ ಡಬ್ಬಿಗಳಲ್ಲಿ ವ್ಯಾಂಪೈರ್ ರೆಡ್ ಮತ್ತು ಆಫ್ಟರ್ ಮಿಡ್‌ನೈಟ್ ನೀಲಿ, ಈ ಎರಡನ್ನು ಕಪ್ಪು ಕೂದಲಿನವರ ಕಣ್ಣಿನಿಂದ ನೋಡೋಣ.

ಕ್ರೀಮಿನಲ್ಲಿ ಅಮೋನಿಯಾ ಇಲ್ಲ, ಪೆರಾಕ್ಸೈಡ್ ಇಲ್ಲ, ಬೆರೆಸುವ ಕೆಲಸವೂ ಇಲ್ಲ. ಬಣ್ಣ ಮೊದಲೇ ಸಿದ್ಧವಾಗಿರುತ್ತದೆ, ಕೂದಲಿನ ಹೊರಪದರಕ್ಕೆ ಹತ್ತಿಕೊಳ್ಳುತ್ತದೆ ಅಷ್ಟೆ. ಇದಕ್ಕೆ ಡೆವಲಪರ್, ಅಂದರೆ ಪೆರಾಕ್ಸೈಡ್ ದ್ರಾವಣ, ಬೆರೆಸಿದರೆ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಕೆಲವರು ಹೇಳುವುದುಂಟು. ಬೆರೆಸಬೇಡಿ, ಇರುವ ಬಣ್ಣವೂ ಸಾಯುತ್ತದೆ. ಹೊರಪದರದಲ್ಲೇ ಕೂರುವ ಬಣ್ಣವಾದ್ದರಿಂದ ಕೂದಲಿನ ಕಪ್ಪನ್ನು ತೆಗೆಯುವ ಶಕ್ತಿ ಇದಕ್ಕಿಲ್ಲ. ಬ್ಲೀಚ್ ಮಾಡದ ಕಪ್ಪು ಕೂದಲಿಗೆ ವ್ಯಾಂಪೈರ್ ರೆಡ್ ಹಚ್ಚಿದರೆ ಬಿಸಿಲಲ್ಲಿ ಒಂದು ಕೆಂಪು ಛಾಯೆ, ನೆರಳಿಗೆ ಬಂದರೆ ಮತ್ತೆ ಕಪ್ಪೇ. ನೀಲಿ ಹಚ್ಚಿದರೆ ಅದೂ ಇಲ್ಲ. ನರೆತ ಎಳೆಗಳಿದ್ದರೆ ಮಾತ್ರ ಅವು ಬ್ಲೀಚ್ ಇಲ್ಲದೆಯೇ ಬಣ್ಣ ಹಿಡಿದು ಕಪ್ಪಿನ ನಡುವೆ ಎದ್ದು ಕಾಣುತ್ತವೆ.

ಹಾಗಾಗಿ ಅರ್ಧ ತೀರ್ಮಾನ ಆಗುವುದು ಬ್ಲೀಚಿನಲ್ಲೇ. ಕಪ್ಪು ಕೂದಲು ಒಂದೇ ಸಲಕ್ಕೆ ಬಿಳಿಯಾಗುವುದಿಲ್ಲ. ಮೊದಲು ಕೆಂಗಂದು, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತೆಳು ಹಳದಿ. ಮನೆಯಲ್ಲಿ ಒಮ್ಮೆ ಬ್ಲೀಚ್ ಮಾಡಿದರೆ ಸಾಮಾನ್ಯವಾಗಿ ಕಿತ್ತಳೆಗೆ ಬಂದು ನಿಲ್ಲುತ್ತದೆ. ವ್ಯಾಂಪೈರ್ ರೆಡ್‌ಗೆ ಅಷ್ಟು ಧಾರಾಳ ಸಾಕು. ಕಿತ್ತಳೆಯ ಮೇಲೆ ಕೂತ ಕೆಂಪು ಇನ್ನಷ್ಟು ಕಾವೇರುತ್ತದೆ. ನೀಲಿಯನ್ನು ಅದೇ ಕಿತ್ತಳೆಯ ಮೇಲೆ ಹಚ್ಚಿ ನೋಡಿ, ಒಂದನ್ನೊಂದು ನುಂಗಿ ಕೆಸರು ಬಣ್ಣವಾಗುತ್ತದೆ. ಹಳದಿಯ ಮೇಲೆ ಹಚ್ಚಿದರೆ ಹಸಿರು. ನೀಲಿ ನೀಲಿಯಾಗಿಯೇ ಬರಬೇಕಾದರೆ ತೆಳು ಹಳದಿವರೆಗೆ ಹೋಗಲೇಬೇಕು, ಅಂದರೆ ಎರಡೋ ಮೂರೋ ಬ್ಲೀಚು. ಮೊದಲ ಸಲ ಮನೆಯಲ್ಲಿ ಮಾಡುವವರು ಕೆಂಪನ್ನೇ ಆರಿಸಿಕೊಳ್ಳಿ ಎನ್ನುವುದು ಈ ಕಾರಣಕ್ಕೆ.

ಬ್ಲೀಚ್ ಪುಡಿಯನ್ನು ಬೇರೆಯಾಗಿ ತರಬೇಕು. ಮುಖಕ್ಕೆ ಹಚ್ಚುವ ಬ್ಲೀಚ್ ಕ್ರೀಮ್ ತಲೆಗೆ ಆಗಿಬರುವುದಿಲ್ಲ. ಪುಡಿಯ ಜೊತೆ 20 ವಾಲ್ಯೂಮ್ ಡೆವಲಪರ್ ತನ್ನಿ, ಅದರಲ್ಲಿರುವುದು 6% ಪೆರಾಕ್ಸೈಡ್. 40 ವಾಲ್ಯೂಮ್, ಅಂದರೆ 12%, ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ನೆತ್ತಿಯನ್ನೂ ಸುಡುತ್ತದೆ. ಪೊಟ್ಟಣದ ಮೇಲೆ ಬೇರೆ ಅಳತೆ ಹೇಳಿಲ್ಲವಾದರೆ 50 ಗ್ರಾಂ ಪುಡಿಗೆ 100 ಮಿ.ಲೀ. ಡೆವಲಪರ್, ಪ್ಲಾಸ್ಟಿಕ್ ಬಟ್ಟಲಲ್ಲಿ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಬೇಡ. ಎಲ್ಲವನ್ನೂ ಒಟ್ಟಿಗೆ ಕಲಸಿಟ್ಟುಕೊಂಡರೆ ಹಿಂದಲೆಗೆ ಬರುವಷ್ಟರಲ್ಲಿ ಒಣಗುತ್ತದೆ, ಒಣಗಿದ ಬ್ಲೀಚ್ ಕೆಲಸ ನಿಲ್ಲಿಸುತ್ತದೆ. ಅರ್ಧರ್ಧ ಕಲಸಿ. ಕಿಟಕಿ ತೆರೆದಿರಲಿ, ಉಬ್ಬಸ ಇರುವವರು ಈ ಪುಡಿಯ ಹತ್ತಿರ ಹೋಗದಿರುವುದೇ ಒಳ್ಳೆಯದು.

ಹಚ್ಚುವಾಗ ಹೆಚ್ಚು ಜನ ಎಡವುವುದು ಬುಡದಲ್ಲಿ. ನೆತ್ತಿಯ ಶಾಖಕ್ಕೆ ಬುಡದ ಒಂದೂವರೆ ಸೆಂ.ಮೀ. ಕೂದಲು ಬೇಗ ಬಣ್ಣ ಬಿಡುತ್ತದೆ. ಬುಡದಿಂದಲೇ ಶುರು ಮಾಡಿದರೆ ಬೈತಲೆಯ ಉದ್ದಕ್ಕೂ ಹಳದಿ ಪಟ್ಟಿ, ಕೆಳಗೆಲ್ಲ ಕಂದು. ಮೇಲೆ ಎಷ್ಟೇ ಕೆಂಪು ಹಚ್ಚಿದರೂ ಆ ಪಟ್ಟಿ ಬೇರೆಯಾಗಿಯೇ ಕಾಣುತ್ತದೆ. ಮೊದಲು ನಡುವಿಗೆ ಮತ್ತು ತುದಿಗೆ ಹಚ್ಚಿ, 20 ನಿಮಿಷ ಬಿಟ್ಟು ಬುಡಕ್ಕೆ ಬನ್ನಿ. ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒರೆಸಿ ಬಣ್ಣ ನೋಡುತ್ತಿರಿ. ಪೊಟ್ಟಣದಲ್ಲಿ ಹೇಳಿದ ಗರಿಷ್ಠ ಹೊತ್ತು ದಾಟಬೇಡಿ. ಒದ್ದೆ ಕೂದಲೆಳೆಯನ್ನು ಮೆಲ್ಲಗೆ ಎಳೆದರೆ ಹಿಗ್ಗಿ ಮತ್ತೆ ಕುಗ್ಗಬೇಕು. ಅಂಟಿನಂತೆ ಹಿಗ್ಗುತ್ತಲೇ ಹೋಗಿ ತುಂಡಾದರೆ ಇನ್ನು ಬ್ಲೀಚ್ ಮುಟ್ಟಬೇಡಿ. ಇಷ್ಟೆಲ್ಲ ರಗಳೆ ಬೇಡವೆನ್ನುವವರು ಬರೀ ತುದಿಗಳನ್ನೋ, ಮೇಲಿನ ಕೂದಲು ಮುಚ್ಚುವ ಒಳಪದರವನ್ನೋ ಮಾಡಿಕೊಳ್ಳಬಹುದು. ತುದಿಗಳಾದರೆ ನೆತ್ತಿಗೆ ಬ್ಲೀಚ್ ತಾಗುವ ಪ್ರಶ್ನೆಯೇ ಇಲ್ಲ.

ಮೆಹೆಂದಿ ಹಚ್ಚುವವರು ಇಲ್ಲಿ ನಿಂತು ಓದಿ. ಅಪ್ಪಟ ಮೆಹೆಂದಿಯ ಬಣ್ಣ ಬ್ಲೀಚಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಕಿತ್ತಳೆಯಲ್ಲೇ ಹಟ ಹಿಡಿದು ಕೂರುತ್ತದೆ. ಜೊತೆಗೆ ನೀಲಿ ಸೊಪ್ಪಿನ ಪುಡಿ, ಅಂದರೆ ಇಂಡಿಗೊ, ಹಚ್ಚಿದ್ದರೆ ಹಸಿರು ತಿರುಗಬಹುದು. ಇನ್ನೂ ಅಪಾಯದ್ದು ಲೋಹದ ಲವಣ ಸೇರಿದ ಪುಡಿಗಳು. ಅವು ಪೆರಾಕ್ಸೈಡ್ ಸೋಕಿದೊಡನೆ ಬಿಸಿಯೇರಿ ಕೂದಲನ್ನೇ ಸುಡಬಲ್ಲವು. ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಒಟ್ಟು ಮಾಡಿ ಬಟ್ಟಲಲ್ಲಿ ಬ್ಲೀಚಿಗೆ ಅದ್ದಿ ಅರ್ಧ ಗಂಟೆ ನೋಡಿ. ಬಿಸಿಯಾಯಿತೋ, ಹೊಗೆಯಾಡಿತೋ, ಮೆತ್ತಗಾಯಿತೋ, ಆ ಕೂದಲು ಕತ್ತರಿಸಿ ಹೋಗುವವರೆಗೆ ಬ್ಲೀಚಿನ ಮಾತೇ ಬೇಡ.

ಬ್ಲೀಚ್ ತೊಳೆದ ಮೇಲೆ ಬಣ್ಣದ ಕೆಲಸ ಹಗುರ. ಶಾಂಪೂ ಹಾಕಿ ತೊಳೆದು ಒಣಗಿಸಿ, ಕಂಡಿಷನರ್ ಮಾತ್ರ ಹಚ್ಚಬೇಡಿ. ಎಣ್ಣೆ, ಕಂಡಿಷನರ್ ಪದರ ಕಟ್ಟಿದ ಕೂದಲಲ್ಲಿ ಬಣ್ಣ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡುತ್ತದೆ. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯುವ ಅಲರ್ಜಿ ಪರೀಕ್ಷೆಯನ್ನು ಮೊದಲೇ ಮುಗಿಸಿಕೊಂಡಿರಬೇಕು. ಹಣೆ, ಕಿವಿ, ಕತ್ತಿನ ಅಂಚಿಗೆ ವ್ಯಾಸಲೀನ್, ಕೈಗೆ ಗ್ಲೌಸ್, ಸಣ್ಣ ಸಣ್ಣ ಪಾಲು ತೆಗೆದು ಬ್ರಷ್‌ನಿಂದ ತೀಡುತ್ತ ಹೋಗಿ. ಭುಜದವರೆಗಿನ ಸಾಧಾರಣ ದಪ್ಪದ ಕೂದಲಿಗೆ ಒಂದು ಡಬ್ಬಿ ಸಾಕು. ಸೊಂಟದವರೆಗಿನ ದಟ್ಟ ಜಡೆಗೆ ಎರಡು ಮೂರು ಬೇಕು, ಆಗ ಜೇಬಿಗೆ ಭಾರ. ಪೆರಾಕ್ಸೈಡ್ ಇಲ್ಲದ್ದರಿಂದ ಅರ್ಧ ಗಂಟೆಯ ಬದಲು ಒಂದೆರಡು ಗಂಟೆ ಬಿಟ್ಟರೂ ತೊಂದರೆಯಿಲ್ಲ, ಶವರ್ ಕ್ಯಾಪ್ ಹಾಕಿ ಕೂತರಾಯಿತು. ತೊಳೆಯುವುದು ತಣ್ಣೀರಲ್ಲೇ.

ಕೆಂಪು ಸೋರುವುದು ಮೊದಲ ಕೆಲವು ಸ್ನಾನಗಳಲ್ಲಿ ಜಾಸ್ತಿ. ದಿಂಬು, ಬಿಳಿ ಕಾಲರ್, ಹೆಲ್ಮೆಟ್ಟಿನ ಒಳಪಟ್ಟಿ, ಬಚ್ಚಲಿನ ಬಿಳಿ ಟೈಲ್ಸ್ ಸಂದಿ, ಎಲ್ಲಕ್ಕೂ ಅಂಟುತ್ತದೆ. ಇದು ಈ ಬಗೆಯ ಬಣ್ಣಗಳ ಸ್ವಭಾವ. ಚರ್ಮಕ್ಕೆ ಅಂಟಿದ್ದು ಕೊಬ್ಬರಿ ಎಣ್ಣೆ ತಿಕ್ಕಿದರೆ ಬಹುತೇಕ ಬಿಡುತ್ತದೆ. ವಾರಕ್ಕೆ ಎರಡು ಸಲ ಸಲ್ಫೇಟ್ ಇಲ್ಲದ ಶಾಂಪೂವಿನಲ್ಲಿ ತೊಳೆದರೆ ನಾಲ್ಕರಿಂದ ಆರು ವಾರ ಬಾಳಿಕೆ. ದಿನಾ ಬಿಸಿ ಬಿಸಿ ನೀರು ಹೊಯ್ದುಕೊಂಡರೆ, ಈಜುಕೊಳದ ಕ್ಲೋರಿನ್ ತಾಗಿದರೆ ಅದರ ಅರ್ಧವೂ ಇಲ್ಲ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಬಣ್ಣವನ್ನು ಮಂಕು ಮಾಡುತ್ತದೆ, ಕೊನೆಯ ತಂಬಿಗೆಯಾದರೂ ಫಿಲ್ಟರ್ ನೀರಾಗಲಿ. ಮಾಸುವುದರಲ್ಲೂ ಕೆಂಪೇ ಮೇಲು: ಗುಲಾಬಿಗೆಂಪಿಗೋ ತಾಮ್ರಕ್ಕೋ ಇಳಿಯುತ್ತದೆ, ನೀಲಿಯೋ ಪಾಚಿ ಹಸಿರಿಗೆ. ಡಬ್ಬಿಯಲ್ಲಿ ಮಿಕ್ಕಿದ್ದನ್ನು ಎಸೆಯಬೇಡಿ. ಬಿಳಿ ಕಂಡಿಷನರ್ ಎರಡು ಚಮಚಕ್ಕೆ ಅರ್ಧ ಚಮಚ ಬೆರೆಸಿ ವಾರಕ್ಕೊಮ್ಮೆ ಹತ್ತು ನಿಮಿಷ ಹಚ್ಚಿದರೆ ಮಾಸಿದ ಕೆಂಪು ಮತ್ತೆ ತುಂಬಿಕೊಳ್ಳುತ್ತದೆ. ಬಳಸಿದ ಬ್ರಷ್ಷನ್ನು ಮಾತ್ರ ಡಬ್ಬಿಗೆ ಅದ್ದದೆ, ಬೇಕಾದಷ್ಟನ್ನು ಒಣ ಚಮಚದಲ್ಲಿ ತೆಗೆದುಕೊಳ್ಳಿ.